ಉಪ್ಪು ಬೆವರು, ಬಿಡದ ಕೆಮ್ಮು

ವೈಟ್‌ಫೀಲ್ಡಿನ ಯಾವ ಬೀದಿಯನ್ನು ಹೊಕ್ಕರೂ ಒಂದಲ್ಲ ಒಂದು ಕಟ್ಟಡ ಏಳುತ್ತಿರುತ್ತದೆ. ಪೀಣ್ಯದಲ್ಲಿ ಲಾರಿಗಳೆಬ್ಬಿಸಿದ ಧೂಳು ನೆಲಕ್ಕಿಳಿಯಲು ಪುರಸತ್ತೇ ಇಲ್ಲ. ಇಂಥ ಕಡೆ ಮಗುವೊಂದು ತಿಂಗಳುಗಟ್ಟಲೆ ಕೆಮ್ಮಿದರೆ ಹಿರಿಯರು ಮೊದಲು ಧೂಳನ್ನು ದೂರುತ್ತಾರೆ, ಆಮೇಲೆ ಆಸ್ತಮಾ ಎನ್ನುತ್ತಾರೆ, ಕಡೆಗೆ ಕ್ಷಯವೆಂದು ಅಂಜುತ್ತಾರೆ. ಸಾಮಾನ್ಯವಾಗಿ ಇವುಗಳಲ್ಲೊಂದು ನಿಜವೂ ಆಗಿರುತ್ತದೆ. ಆದರೆ ಅಪರೂಪಕ್ಕೊಮ್ಮೆ, ಮುತ್ತಿಟ್ಟ ತಾಯಿಯ ತುಟಿಗೆ ಮಗುವಿನ ಹಣೆ ತೀರ ಉಪ್ಪೆನಿಸುತ್ತದೆ. ಈ ಮಾತನ್ನು ವೈದ್ಯರಿಗೆ ಹೇಳಲೇಬೇಕು.

ಅದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದ ಸುಳಿವಿರಬಹುದು. 1948ರ ಬೇಸಗೆಯಲ್ಲಿ ನ್ಯೂಯಾರ್ಕ್ ನಗರ ಕಾದ ಕಾವಲಿಯಂತಾದಾಗ ಈ ರೋಗದ ಮಕ್ಕಳು ಬಳಲಿ ಆಸ್ಪತ್ರೆ ಸೇರಿದರು. ಡಾಕ್ಟರ್ ಡಿ ಸ್ಯಾಂಟ್‌ ಆಗ್ನೀಸ್ ಅವರು ಕಾರಣವನ್ನು ಅರಸುತ್ತ ಹೋಗಿ, ಇವರ ಬೆವರಿನಲ್ಲಿ ಉಪ್ಪು ಮಿತಿಮೀರಿದೆಯೆಂದು 1953ರಲ್ಲಿ ಪ್ರಕಟಿಸಿದರು. ಬೆವರಿನ ಪರೀಕ್ಷೆಯೇ ಇಂದಿಗೂ ರೋಗನಿರ್ಣಯದ ಆಧಾರ. ಇದು ಬಿಳಿಯರ ಕಾಯಿಲೆ, ನಮಗಿಲ್ಲ ಎಂಬ ನಂಬಿಕೆ ಬಹುಕಾಲವಿತ್ತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮಕ್ಕಳ ವೈದ್ಯರು ಅದನ್ನು ಸುಳ್ಳಾಗಿಸಿದ್ದಾರೆ.

ಈ ರೋಗದಲ್ಲಿ ಶ್ವಾಸನಾಳಗಳ ಕಫ ಅಂಟಿನಂತೆ ಗಟ್ಟಿಯಾಗುತ್ತದೆ. ಉಸಿರಿನೊಡನೆ ಹೊಕ್ಕದ್ದು ಹೊರಬಾರದು. ಹೀಗಾಗಿ ಧೂಳನ್ನು ದೂರಿದ ಅಜ್ಜಿಯ ಮಾತೂ ಪೂರ್ತಿ ತಪ್ಪಲ್ಲ: ನೆಲ ಅಗೆದಾಗ, ಕೊಳೆತ ಎಲೆ ಕೆದಕಿದಾಗ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣುಗಳು ಗಾಳಿಗೇರುತ್ತವೆ. ಆರೋಗ್ಯವಂತರ ಶ್ವಾಸಕೋಶ ಅವನ್ನು ಗುಡಿಸಿ ಹಾಕುತ್ತದೆ. ಇಲ್ಲಿ ಅವು ಬೀಡುಬಿಡುತ್ತವೆ. ಅದೇ ಕಫದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಆಗಲೇ ಮನೆ ಮಾಡಿಕೊಂಡಿರಬಹುದು.

ಇವೆರಡರ ಸಹವಾಸ ವಿಚಿತ್ರವಾದುದು. ಬ್ಯಾಕ್ಟೀರಿಯ ಸ್ರವಿಸುವ ನೀಲಿಹಸಿರು ಬಣ್ಣದ ದ್ರವ್ಯ ಬೂಷ್ಟನ್ನು ಅಡಗಿಸುತ್ತದೆ. ಆದರೆ ಅದೇ ಬ್ಯಾಕ್ಟೀರಿಯ ಬಿಡುವ ಗಂಧಕಯುಕ್ತ ಆವಿ ಬೂಷ್ಟಿಗೆ ಆಹಾರವಾಗಿ ಅದನ್ನು ಬೆಳೆಸುತ್ತದೆಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಹಗೆಯೋ ನಂಟೋ ಹೇಳುವುದು ಕಷ್ಟ!

ಚಿಕಿತ್ಸೆಯ ತೊಡಕೂ ಇಲ್ಲಿಯೇ. ಬ್ಯಾಕ್ಟೀರಿಯಕ್ಕೆ ಕೊಟ್ಟ ಔಷಧ ಬೂಷ್ಟನ್ನು ಮುಟ್ಟದು. ಬೂಷ್ಟಿನ ಅಲರ್ಜಿಗೆ ಕೊಡುವ ಸ್ಟೀರಾಯ್ಡ್, ಬ್ಯಾಕ್ಟೀರಿಯದೊಡನೆ ಹೋರಾಡುವ ದೇಹದ ಶಕ್ತಿಯನ್ನು ಕುಗ್ಗಿಸುತ್ತದೆ. ಅಮೆರಿಕದಲ್ಲಿ 2019ರಲ್ಲಿ ಮನ್ನಣೆ ಪಡೆದ ಮೂರು ಔಷಧಗಳ ಹೊಸ ಮಾತ್ರೆಯ ಬೆಲೆ ನಮ್ಮ ಮಧ್ಯಮವರ್ಗದ ಕೈಗೆಟುಕುವಂಥದಲ್ಲ. ಅದು ದೊರೆತರೂ, ಬೂಷ್ಟಿನ ಕೆಲವು ಔಷಧಗಳೊಡನೆ ಕೊಡುವಾಗ ಅದರ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಸಾಲದ್ದಕ್ಕೆ, ಕ್ಷಯಾಣುವಿನ ದಾಯಾದಿಗಳೆನ್ನಬಹುದಾದ ಕೆಲವು ಬ್ಯಾಕ್ಟೀರಿಯಗಳು ಈ ಕಫದಲ್ಲಿ ಸೇರಿಕೊಂಡು, ಸೂಕ್ಷ್ಮದರ್ಶಕದಡಿ ಕ್ಷಯವೆಂದೇ ಭ್ರಮೆ ಹುಟ್ಟಿಸುವುದುಂಟು.

ಆದುದರಿಂದ ಕ್ಷಯದ ಔಷಧ ಮುಗಿದರೂ ಕೆಮ್ಮು ನಿಲ್ಲದ ಮಗುವಿನ ಕಫವನ್ನು ಬ್ಯಾಕ್ಟೀರಿಯಕ್ಕೂ ಬೂಷ್ಟಿಗೂ ಬೇರೆಬೇರೆಯಾಗಿ ಬೆಳೆಸಿ ನೋಡುವಂತೆ ತಂದೆತಾಯಿಗಳು ವೈದ್ಯರನ್ನು ಕೇಳಬಹುದು. ಜೊತೆಯಲ್ಲೇ ಬೆವರಿನ ಪರೀಕ್ಷೆಯನ್ನೂ. ಈ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ಮಗು ಅಳಬೇಕಾದುದೂ ಇಲ್ಲ.