ಎಂಜಿನ್ ದೀಪ ಆರಿಸೋ ಮುಂಚೆ ಕೋಡ್ ಓದಿ

ಡ್ಯಾಶ್‌ಬೋರ್ಡಲ್ಲಿ ಹಳದಿ ಎಂಜಿನ್ ದೀಪ ಹತ್ತಿದೆಯಾ? ಅದನ್ನ ಆರಿಸೋಕಂತ ಬ್ಯಾಟರಿ ವೈರ್ ಕಳಚಬೇಡಿ.

ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಮೊಬೈಲ್ ಆ್ಯಪಲ್ಲಿ ದೋಷದ ಕೋಡ್ ನೋಡಿ ಬರೆದಿಟ್ಟುಕೊಳ್ಳಿ. ಪಿ0301 ಬಂದರೆ ಒಂದನೇ ಸಿಲಿಂಡರಲ್ಲಿ ಮಿಸ್‌ಫೈರ್ ಅಂತ ಅರ್ಥ. ಪೆಟ್ರೋಲ್ ಕಾರಾದರೆ ಮೊದಲು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ರಿಪೇರಿ ಆದಮೇಲೆ, ಎಂಜಿನ್ ಆಫ್ ಇದ್ದಾಗಲೇ, ಆ್ಯಪ್‌ನಲ್ಲಿ ಕೋಡ್ ಕ್ಲಿಯರ್ ಮಾಡಿ. ಎಂಜಿನ್ ಕಂಪ್ಯೂಟರ್ (ಇಸಿಯು) ಕಲಿತಿದ್ದ ಇಂಧನದ ಲೆಕ್ಕವೂ ಹಲವು ಕಾರುಗಳಲ್ಲಿ ಅಳಿಸಿಹೋಗೋದರಿಂದ ಸ್ವಲ್ಪ ದೂರ ಓಡುವವರೆಗೆ ಐಡ್ಲಿಂಗ್ ಏರುಪೇರಾಗಬಹುದು, ಗಾಬರಿ ಬೇಡ. ಬ್ಯಾಟರಿ ಬಿಚ್ಚಿದರೆ ಗಡಿಯಾರ, ಸ್ಟೀರಿಯೋ ಸೆಟ್ಟಿಂಗೂ ಹೋಗುತ್ತೆ. ನನಗಂತೂ ಆ ದಾರಿ ಸರಿ ಅನಿಸಲ್ಲ.

ದೀಪ ಮಿನುಗ್ತಾ ಇದ್ದರೆ ಮಾತ್ರ ಕೋಡ್ ಅಳಿಸಲೂ ಬೇಡಿ, ಗಾಡಿ ಓಡಿಸಲೂ ಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.