ದೋಷ ಜನರಲ್ಲಿಲ್ಲ, ಹೇಳುವ ಬಗೆಯಲ್ಲಿದೆ

ಸಲಹೆಗಾರನ ಮಾತು ಹಿತವಾಗಿದ್ದರೂ ಕೇಳುವವರು ಮುಖ ತಿರುಗಿಸುವುದೇಕೆ? ಅಮೆರಿಕದ ವರ್ಜೀನಿಯಾದ ಮೇರಿಯನ್ ಊರಿನಲ್ಲಿದ್ದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಆ ಕಾರ್ಖಾನೆಗೆ ಸಲಹೆಗಾರರಾಗಿದ್ದರು. ಕೆಲಸದ ವಿಧಾನ ಬದಲಾದಾಗಲೆಲ್ಲ ಅಲ್ಲಿನ ಕೆಲಸಗಾರರು ಅಸಮಾಧಾನಗೊಂಡು ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಇದನ್ನು ಪರೀಕ್ಷಿಸಿ, 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಒಂದು ಗುಂಪಿಗೆ ಬದಲಾವಣೆಯನ್ನು ಮೇಲಿನಿಂದ ತಿಳಿಸಲಾಯಿತು. ಮೊದಲ 40 ದಿನಗಳಲ್ಲಿಯೇ ಶೇಕಡ 17 ಮಂದಿ ಕೆಲಸ ಬಿಟ್ಟರು, ಉತ್ಪಾದನೆ ಚೇತರಿಸಲಿಲ್ಲ. ಬೇರೆರಡು ಗುಂಪುಗಳಲ್ಲಿ ಎಲ್ಲರನ್ನೂ ಕೂಡಿಸಿ, ಕಾರಣವನ್ನು ವಿವರಿಸಿ, ಹೊಸ ವಿಧಾನವನ್ನು ಅವರೊಡನೆಯೇ ರೂಪಿಸಲಾಯಿತು. ಅಲ್ಲಿ ಆ ಅವಧಿಯಲ್ಲಿ ಯಾರೂ ಬಿಡಲಿಲ್ಲ; ಉತ್ಪಾದನೆ ಮೊದಲಿಗಿಂತ ಸುಮಾರು ಶೇಕಡ 14ರಷ್ಟು ಏರಿತು. ಮುಂದೆ, ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನೂ ಇದೇ ರೀತಿ ಜೊತೆಗೂಡಿಸಿಕೊಂಡಾಗ ಅವರೂ ಬೇಗನೆ ಚೇತರಿಸಿಕೊಂಡರು. ಜನರು ಅವರೇ, ಬದಲಾದುದು ನಡೆಸಿಕೊಂಡ ರೀತಿ ಮಾತ್ರ.

ಆದುದರಿಂದ ವಿರೋಧ ಕಂಡಾಗ ವಾದವನ್ನು ಬೆಳೆಸುವ ಮೊದಲು, ಅವರಿಗಾಗುವ ನಷ್ಟವೇನೆಂದು ಕೇಳಬೇಕು. ಕೈಗೆ ಕೂಡಿಬಂದ ಕುಶಲತೆಯನ್ನು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಕಾರ್ಖಾನೆಯಿರಲಿ, ಅಡುಗೆಮನೆಯಿರಲಿ, ತಾನೂ ಕೂಡಿ ಮಾಡಿದ ನಿರ್ಧಾರವನ್ನು ಮನುಷ್ಯನು ತಾನೇ ಕಾಪಾಡುತ್ತಾನೆ.