ನಾಯಿಯ ಉದುರುಗೂದಲಿನಿಂದ ನೂಲು

ಕುರಿಯ ಉಣ್ಣೆಯಿಂದ ಕಂಬಳಿ ನೇಯುವುದು ನಮ್ಮ ನಾಡಿನ ಹಳೆಯ ಕಸುಬು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಬಯಲುಸೀಮೆಯಲ್ಲಿ ಕುರಿ ಸಾಕುವವರಿಗೆ ಇದು ಹೊಸದಲ್ಲ. ಆದರೆ ಮನೆಯ ನಾಯಿ ಉದುರಿಸುವ ಕೂದಲನ್ನೂ ನೂಲಬಹುದೆಂಬುದು ಹಲವರಿಗೆ ತಿಳಿದಿರಲಾರದು.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸೇಲಿಶ್ ಜನರು ಉಣ್ಣೆಗೆಂದೇ ನಾಯಿ ಸಾಕಿ ಕಂಬಳಿ ನೇಯುತ್ತಿದ್ದರು. ಆ ತಳಿ ಈಗ ಅಳಿದಿದೆ. 1859ರಲ್ಲಿ ಸತ್ತ ಅಂಥ ಒಂದು ನಾಯಿಯ ಚರ್ಮ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ನಮ್ಮ ಲಡಾಖಿನಲ್ಲಿ ಪಶ್ಮೀನಾ ಮೇಕೆಗಳು ಬಿಡುವ ಒಳಗೂದಲನ್ನು ಬಾಚಿ ತೆಗೆದೇ ಶಾಲು ನೇಯುತ್ತಾರೆ.

ಯಾವ ಕೂದಲು ಸೂಕ್ತ?

ಪೊಮೆರೇನಿಯನ್‌ನಂಥ ನಾಯಿಗಳಿಗೆ ಒರಟಾದ ಹೊರಗೂದಲು, ಮೆತ್ತನೆಯ ಒಳಗೂದಲು ಎರಡೂ ಇರುತ್ತವೆ. ನೂಲಿಗೆ ಬೇಕಾದುದು ಒಳಗೂದಲು. ಉದ್ದ ಸುಮಾರು 5 ಸೆಂ.ಮೀ. ಇದ್ದರೆ ಒಳ್ಳೆಯದು. ಮುಧೋಳ ನಾಯಿಯ ಗಿಡ್ಡ ಕೂದಲು ಇದಕ್ಕೆ ಬಾರದು. ಒಂದು ಚಿಟಿಕೆ ಕೂದಲನ್ನು ಬೆರಳುಗಳ ನಡುವೆ ಹೊಸೆದು ನೋಡಿರಿ. ಎಳೆ ನಿಂತರೆ ನೂಲಬಹುದು.

ಮಾಡುವ ಕ್ರಮ

1. ಕೂದಲುದುರುವ ಕಾಲದಲ್ಲಿ ನಾಯಿಯನ್ನು ದಿನವೂ ಬಾಚಿ, ಬಂದ ಕೂದಲನ್ನು ಬಟ್ಟೆಯ ಚೀಲದಲ್ಲಿ ಕೂಡಿಡಿರಿ. ನೆಲದಿಂದ ಗುಡಿಸಿದ್ದು ಬೇಡ.

2. ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ತಿಕ್ಕದೆ, ಹಿಂಡದೆ ತೊಳೆಯಿರಿ. ತಿಕ್ಕಿದರೆ ಕೂದಲು ಗಂಟುಕಟ್ಟುತ್ತದೆ. ನೆರಳಿನಲ್ಲಿ ಒಣಗಿಸಿರಿ.

3. ಒರಟು ಕೂದಲನ್ನು ಆರಿಸಿ ತೆಗೆದು, ಉಳಿದುದನ್ನು ಕುರಿ ಉಣ್ಣೆಯೊಡನೆ ಹಿಂಜಿರಿ. ಮೊದಲ ಸಲ ಮೂರು ಪಾಲು ಉಣ್ಣೆಗೆ ಒಂದು ಪಾಲು ಕೂದಲು ಸಾಕು. ಕುರಿ ಉಣ್ಣೆಯಲ್ಲಿ ಸುರುಳಿಯಿದೆ, ಅದು ಹಿಗ್ಗಿ ಕುಗ್ಗುತ್ತದೆ. ನಾಯಿಕೂದಲಿಗೆ ಆ ಗುಣ ಕಡಿಮೆ. ಒಂದನ್ನೊಂದು ಹಿಡಿಯದೆ ಜಾರುತ್ತದೆ.

4. ರಾಟೆಯಲ್ಲಿ ಸ್ವಲ್ಪ ಹೆಚ್ಚು ಹುರಿ ಕೊಟ್ಟು ನೂಲಿರಿ. ಮಗ್ಗದಲ್ಲಿ ಈ ನೂಲನ್ನು ಹೊಕ್ಕಿಗೆ ಬಳಸಿರಿ. ಹಾಸಿಗೆ ಗಟ್ಟಿಯಾದ ಕುರಿ ನೂಲೇ ಇರಲಿ. ಹಾಸಿಗೆ ಎಂದಿನಂತೆ ಹುಣಸೆಬೀಜದ ಸರಿ ಹಾಕಬಹುದು. ಟೋಪಿ, ಕೊರಳಪಟ್ಟಿ ಹೆಣೆಯಲೂ ಈ ನೂಲು ಒದಗುತ್ತದೆ.

ಎಚ್ಚರಿಕೆ

ಕಜ್ಜಿ, ಹುಳುಕಡ್ಡಿ ಇರುವ ನಾಯಿಯ ಕೂದಲನ್ನು ಬಳಸಬಾರದು. ಹಿಂಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ನೆರಡಿ ರೋಗದ ಸಂಶಯವಿರುವ ಸತ್ತ ಕುರಿಯ ಉಣ್ಣೆಯನ್ನು ಎಂದಿಗೂ ಕತ್ತರಿಸಬೇಡಿರಿ. ಅದರಿಂದ ಮನುಷ್ಯರಿಗೂ ರೋಗ ತಗಲುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ.

ಲಾಭವೇನು?

ಒಂದು ನಾಯಿಯಿಂದ ಸಿಗುವ ಕೂದಲು ಅಲ್ಪ. ಮಾರಾಟದ ಆಸೆ ಇಟ್ಟುಕೊಳ್ಳಬಾರದು. ಇದರ ಪ್ರಯೋಜನ ಬೇರೆ. ಉಣ್ಣೆಯ ಬೆಲೆ ಕುಸಿದು, ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟದೆ, ಉಣ್ಣೆ ತಿಪ್ಪೆ ಸೇರುತ್ತಿದೆ, ರಾಟೆ ಅಟ್ಟ ಸೇರಿದೆ. ನೂಲಲು ಬಲ್ಲ ಅಜ್ಜಿಯರು ಕೆಲವರೇ ಉಳಿದಿದ್ದಾರೆ. ಅಂಥವರು ಮನೆಯಲ್ಲಿದ್ದರೆ, ಈ ಸಲದ ಉಣ್ಣೆಯಲ್ಲಿ ಒಂದೆರಡು ಕಿಲೋ ತೆಗೆದಿಟ್ಟು, ಹಿಂಜುವುದನ್ನೂ ನೂಲುವುದನ್ನೂ ಮಕ್ಕಳಿಗೆ ಕಲಿಸಿಕೊಳ್ಳುವುದು ಒಳ್ಳೆಯದು. ಕೈಗೆ ಅಭ್ಯಾಸವಿದ್ದರೆ ಮುಂದೆ ಬೆಲೆ ಬಂದಾಗ ಕಸುಬನ್ನು ಮತ್ತೆ ಹಿಡಿಯಬಹುದು.